ಒಂದು ಟೀವಿ ಬಿಟ್ಟೆವು, ಇನ್ನೊಂದು ಉಳಿಸಿಕೊಂಡೆವು

2025ರ ದಸರಾ ರಜೆ. ಅಕ್ಕನ ಮಗ ಬೆಂಗಳೂರು ವಿಜಯನಗರದ ನಮ್ಮ ಮನೆಗೆ ಬಂದಿದ್ದ. ಹಾಲ್‌ನಲ್ಲೇ ಕ್ರಿಕೆಟ್ ಶುರುವಾಗಿ, ಚೆಂಡು ಹೋಗಿ 43 ಇಂಚಿನ ಟೀವಿಗೆ ಬಡಿಯಿತು. ಕೈಯಾಡಿಸಿ ನೋಡಿದೆ, ಬಿರುಕೇ ಸಿಗಲಿಲ್ಲ. ಸದ್ಯ ಉಳಿಯಿತು ಅಂದುಕೊಂಡು ಆನ್ ಮಾಡಿದರೆ, ಬಲಗಡೆ ಮೂಲೆಯಿಂದ ಜೇಡರಬಲೆ ಹಾಗೆ ಗೆರೆಗಳು, ನಡುವೆ ಮಸಿ ಚೆಲ್ಲಿದಂಥ ಕಲೆ. "ಮಾಮ, ನಾನು ಜೋರಾಗಿ ಹೊಡೀಲಿಲ್ಲ" ಅಂತ ಹುಡುಗ ಅಳುತ್ತಿದ್ದ.

ಕೈಗೆ ಯಾಕೆ ಸಿಗಲಿಲ್ಲ ಅಂತ ಆಮೇಲೆ ತಿಳಿಯಿತು. ಗಾಜಿನ ಮೇಲೆ ತೆಳು ಹಾಳೆಯೊಂದನ್ನು ಅಂಟಿಸಿರುತ್ತಾರೆ. ಒಡೆಯುವುದು ಅದರ ಕೆಳಗಿನ ಗಾಜು. ಎರಡು ತೆಳು ಗಾಜುಗಳ ನಡುವೆ ದ್ರವದಂಥ ಪದಾರ್ಥ ಇರುತ್ತದೆ. ಗಾಜು ಬಿರುಕು ಬಿಟ್ಟರೆ ಅದನ್ನು ಅಂಟಿಸಿ ಸರಿ ಮಾಡುವ ದಾರಿಯೇ ಇಲ್ಲ, ಇಡೀ ಪ್ಯಾನೆಲ್ ಬದಲಿಸಬೇಕು. ಟೀವಿಯಲ್ಲಿ ಎಲ್ಲಕ್ಕಿಂತ ದುಬಾರಿ ಭಾಗವೂ ಅದೇ. ಪೆಟ್ಟು ಬಿದ್ದು ಒಡೆದಿದ್ದಕ್ಕೆ ವಾರಂಟಿಯೂ ಸಾಮಾನ್ಯವಾಗಿ ಸಿಗುವುದಿಲ್ಲ.

ಮೆಕ್ಯಾನಿಕ್ ಬಂದು ನೋಡಿ 16,500 ರೂಪಾಯಿ ಹೇಳಿದರು. ಐದು ವರ್ಷದ ಹಿಂದೆ ನಾವು ಕೊಟ್ಟ 33,000ಕ್ಕೆ ಹೋಲಿಸಿದರೆ ಅರ್ಧ. ಮಾಡಿಸೋಣ ಅನ್ನಿಸಿತು. ನಾನು ತಪ್ಪಿದ್ದು ಇಲ್ಲೇ. ಹಳೆಯ ಬಿಲ್ ಅಲ್ಲ, ಇವತ್ತಿನ ಬೆಲೆ ನೋಡಬೇಕು. ಆ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟೀವಿಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿತ್ತು. ಅಂಗಡಿಯಲ್ಲಿ ಕೇಳಿದರೆ ಅದೇ ಅಳತೆಯದು 24,000ಕ್ಕೆ ಸಿಗುತ್ತಿತ್ತು. ಹೊಸ ಪ್ಯಾನೆಲ್‌ಗೆ ಮೆಕ್ಯಾನಿಕ್ ಕೊಡುವುದು ಮೂರು ತಿಂಗಳ ಗ್ಯಾರಂಟಿ, ಅದರ ಹಿಂದಿನ ಬೋರ್ಡು, ಲೈಟು ಎಲ್ಲ ಐದು ವರ್ಷ ಹಳೆಯವು. ಬೇಡ ಅಂದೆ. ಆದರೆ ಗುಜರಿಗೆ ಹಾಕಲಿಲ್ಲ. ಮೇನ್ ಬೋರ್ಡು, ಪವರ್ ಬೋರ್ಡು ಚೆನ್ನಾಗೇ ಇದ್ದವು. ಅದೇ ಮಾಡೆಲ್ ರಿಪೇರಿ ಮಾಡುವವರಿಗೆ ಅವು ಬೇಕಾಗುತ್ತವೆ. ಅವೆರಡಕ್ಕೆ ಅದೇ ಮೆಕ್ಯಾನಿಕ್ 1,500 ಕೊಟ್ಟರು.

ಡಿಸೆಂಬರ್‌ನಲ್ಲಿ ಅಮ್ಮನ ಕೋಣೆಯ 32 ಇಂಚಿನ ಟೀವಿ ಕೈಕೊಟ್ಟಿತು. ಮಾತು ಕೇಳಿಸುತ್ತದೆ, ಪರದೆ ಪೂರ್ತಿ ಕತ್ತಲು. ಫೋನ್‌ನಲ್ಲೇ ಒಬ್ಬರು "ಡಿಸ್‌ಪ್ಲೇ ಹೋಗಿದೆ ಸರ್, ಹೊಸದು ತಗೊಳ್ಳಿ" ಅಂದುಬಿಟ್ಟರು. ಅಮ್ಮನೂ "ಇದೂ ಹೋಯ್ತೇನೋ? ಬಿಡು, ಸುಮ್ನೆ ದುಡ್ಡು ಸುರೀಬೇಡ" ಅಂದರು.

ಕೋಣೆಯ ದೀಪ ಆರಿಸಿ, ಟೀವಿ ಆನ್ ಮಾಡಿ, ಪರದೆಗೆ ತೀರಾ ಹತ್ತಿರ ಓರೆಯಾಗಿ ಟಾರ್ಚ್ ಬಿಟ್ಟೆ. ಅಮ್ಮನ ಸೀರಿಯಲ್‌ನ ಅತ್ತೆಯ ಮುಖ ಮಸುಕಾಗಿ ಕಂಡಿತು! ಅಂದರೆ ಪ್ಯಾನೆಲ್‌ಗೆ ಏನೂ ಆಗಿಲ್ಲ, ಹಿಂದಿನ ಬೆಳಕು ಮಾತ್ರ ಹೋಗಿದೆ. ಗಣೇಶನ ಪೆಂಡಾಲ್‌ಗೆ ಹಾಕುವ ಹಳೇ ಸೀರಿಯಲ್ ಸೆಟ್‌ನಲ್ಲಿ ಒಂದು ಬಲ್ಬ್ ಹೋದರೆ ಇಡೀ ಸರ ಆರಿಹೋಗುತ್ತಿತ್ತಲ್ವಾ, ಇಲ್ಲೂ ಹಾಗೇ. ಬ್ಯಾಕ್‌ಲೈಟ್ ಪಟ್ಟಿಯಲ್ಲಿ ಒಂದು ಎಲ್‌ಇಡಿ ಸುಟ್ಟರೂ ಪರದೆ ಕತ್ತಲಾಗಬಹುದು. ಟಾರ್ಚ್‌ಗೂ ಏನೂ ಕಾಣದಿದ್ದರೆ ಬೋರ್ಡ್ ಕಡೆ ನೋಡಬೇಕು. ಉದ್ದಕ್ಕೆ ಒಂದೇ ಒಂದು ತೆಳು ಗೆರೆ ಬಂದರೆ ಹೇಳುವುದು ಕಷ್ಟ. ಒಳಗಿನ ಪಟ್ಟಿ ಕೇಬಲ್ ಸಡಿಲವಾಗಿದ್ದರೆ ಸುಲಭದಲ್ಲಿ ಮುಗಿಯುತ್ತದೆ, ಪ್ಯಾನೆಲ್ ಅಂಚಿನ ಜೋಡಣೆ ಬಿಟ್ಟಿದ್ದರೆ ರಿಪೇರಿ ಮಾಡಿಸಿದರೂ ಎಷ್ಟು ದಿನ ನಿಲ್ಲುತ್ತದೆ ಅನ್ನುವ ನಂಬಿಕೆ ಇರುವುದಿಲ್ಲ.

ಪ್ಲಗ್ ಕಿತ್ತು, ಸ್ವಲ್ಪ ಹೊತ್ತು ಬಿಟ್ಟು ಹಿಂದಿನ ಮುಚ್ಚಳ ಬಿಚ್ಚಿದೆ. ಪವರ್ ಬೋರ್ಡ್ ಮುಟ್ಟಲಿಲ್ಲ, ಪ್ಲಗ್ ತೆಗೆದ ಮೇಲೂ ಅದರ ಕೆಪಾಸಿಟರ್‌ಗಳಲ್ಲಿ ಕರೆಂಟ್ ಉಳಿದಿರುತ್ತದೆ. ಒಳಗೆ ಪ್ಯಾನೆಲ್ ಹಿಂದಿನ ಸ್ಟಿಕರ್‌ನ ಫೋಟೋ ತೆಗೆದುಕೊಂಡೆ. ಟೀವಿ ಮಾಡೆಲ್ ಒಂದೇ ಆದರೂ ಒಳಗಿನ ಪ್ಯಾನೆಲ್ ಬೇರೆ ಬೇರೆ ಇರಬಹುದು, ಹಾಗಾಗಿ ಈ ನಂಬರೇ ಮುಖ್ಯ. ಮೆಟ್ರೋದಲ್ಲಿ ಮೆಜೆಸ್ಟಿಕ್‌ಗೆ ಹೋಗಿ, ಹಸಿರು ಮಾರ್ಗ ಹಿಡಿದು ಚಿಕ್ಕಪೇಟೆಯಲ್ಲಿ ಇಳಿದು, ಎಲೆಕ್ಟ್ರಾನಿಕ್ ಬಿಡಿಭಾಗ ಸಿಗುವ ಎಸ್‌ಪಿ ರೋಡ್‌ಗೆ ನಡೆದೆ. ಮೂರನೇ ಅಂಗಡಿಯಲ್ಲಿ ಬ್ಯಾಕ್‌ಲೈಟ್ ಪಟ್ಟಿಗಳ ಸೆಟ್ ಸಿಕ್ಕಿತು, 900 ರೂಪಾಯಿ.

ಹಾಕುವ ಕೆಲಸಕ್ಕೆ ಮಾತ್ರ ನಾನು ಕೈಹಾಕಲಿಲ್ಲ. ಬ್ಯಾಕ್‌ಲೈಟ್ ಮುಟ್ಟಬೇಕಾದರೆ ಮುಂದಿನ ಗಾಜನ್ನು ಪೂರ್ತಿ ಎತ್ತಿ ಪಕ್ಕಕ್ಕಿಡಬೇಕು. ಎತ್ತುವಾಗ ಸ್ವಲ್ಪ ಬಾಗಿದರೂ ಚೆಂಡು ಬಡಿದ ಕಥೆಯೇ. ಅದೇ ಮೆಕ್ಯಾನಿಕ್ ಸಹಾಯಕನನ್ನು ಕರೆತಂದು, ಇಬ್ಬರೂ ಸೇರಿ ಗಾಜು ಎತ್ತಿದರು. ಸುಟ್ಟಿದ್ದು ಒಂದೇ ಎಲ್‌ಇಡಿ. ಆದರೂ ಎಲ್ಲ ಪಟ್ಟಿ ಬದಲಿಸಿ ಅಂದೆ. ಉಳಿದವಕ್ಕೂ ಅಷ್ಟೇ ವಯಸ್ಸು, ಇನ್ನೊಂದು ಹೋದರೆ ಮತ್ತೆ ಗಾಜು ಎತ್ತಬೇಕು. ಕೂಲಿ 800. ಒಟ್ಟು 1,700ಕ್ಕೆ ಟೀವಿ ಬೆಳಗಿತು.

ಹೊರಡುವ ಮೊದಲು ಅವರು ಸೆಟ್ಟಿಂಗ್ ತೆಗೆದು ತೋರಿಸಿದರು. ಬ್ಯಾಕ್‌ಲೈಟ್ 100ರಲ್ಲೇ ಇತ್ತು. ಜಾಸ್ತಿ ಬೆಳಕು ಅಂದರೆ ಜಾಸ್ತಿ ಬಿಸಿ, ಎಲ್‌ಇಡಿ ಬೇಗ ಹೋಗುತ್ತದೆ. 60ಕ್ಕೆ ಇಳಿಸಿದೆವು. ಅಮ್ಮನಿಗೆ ವ್ಯತ್ಯಾಸವೇ ಗೊತ್ತಾಗಲಿಲ್ಲ, ಏಳು ಗಂಟೆಯ ಸೀರಿಯಲ್‌ಗೆ ಕುರ್ಚಿ ಎಳೆದುಕೊಂಡು ಕೂತರು.