ಕಾದಂಬರಿ ಹಿಡಿದು ಊರು ಸುತ್ತಿದ್ದು

ಶಿವರಾಮ ಕಾರಂತರ ಕಾದಂಬರಿ ಹಿಡಿದು, ಅದರಲ್ಲಿ ಬರುವ ಊರು ನೋಡಲು ಹೊರಟಾಗ ಮಂಗಳೂರಿನ ಗೆಳೆಯರು, 'ಎಂಥ ಮಾರಾಯಾ, ಅದು ಕತೆ ಅಲ್ವಾ?' ಎಂದು ನಕ್ಕಿದ್ದರು. ಈಗ ಅವರೇ ಯಾವ ಪುಸ್ತಕ ಓದಲಿ ಎಂದು ಕೇಳುತ್ತಾರೆ.

ಎಲ್ಲರ ಹಾಗೆ ನಾನೂ ಮೊದಲು ಹಿಡಿದದ್ದು ಕಾರಂತರ ಪ್ರವಾಸ ಕಥನವನ್ನೇ. 'ಅಬೂವಿನಿಂದ ಬರಾಮಕ್ಕೆ' ಓದಿ ರಾಜಸ್ಥಾನದ ಅಬುವಿಗೆ ಹೋದೆ. ರೈಲು, ರೂಮು, ಟ್ಯಾಕ್ಸಿ ಎಂದು 20 ಸಾವಿರದ ಹತ್ತಿರ ಕರಗಿತು. ಅಲ್ಲಿನ ದಿಲ್ವಾರದ ಜೈನ ಬಸದಿಗಳ ಅಮೃತಶಿಲೆ ಕೆತ್ತನೆ ಚಂದವೇ, ಇಲ್ಲ ಅನ್ನುವುದಿಲ್ಲ. ಆದರೆ ಬೇರೆಯವರು ನೋಡಿ ಮುಗಿಸಿದ್ದಕ್ಕೆ ಸುಮ್ನೆ ಟಿಕ್ ಹಾಕಿ ಬಂದಂತಾಯಿತು.

ಕೈ ಹಿಡಿದದ್ದು 'ಬೆಟ್ಟದ ಜೀವ'. 1943ರದ್ದು. ಸುಬ್ರಹ್ಮಣ್ಯದ ಕಾಡಿನ ಕಡೆ ದಾರಿ ತಪ್ಪಿದವರು ಗೋಪಾಲಯ್ಯ, ಶಂಕರಮ್ಮನ ಮನೆ ಸೇರುವ ಕತೆ, ಗೊತ್ತಲ್ವಾ? ಮೊದಲ ಸಲ ಜೀಪು ಮಾಡಿ ಆ ಮನೆ ಹುಡುಕಿದೆ. ಚಾಲಕ ಎರಡೂವರೆ ಸಾವಿರ ತೆಗೆದುಕೊಂಡು, ಕಂಡ ಹಂಚಿನ ಮನೆಯನ್ನೆಲ್ಲ 'ಇದೇ ಇರ್ಬೇಕು' ಎಂದ.

ಆಮೇಲೆ ಮನೆ ಬಿಟ್ಟು ಕೆಲಸದ ಹಿಂದೆ ಬಿದ್ದೆ. ಕಾಡು ಕಡಿದು ತೋಟ ಎಬ್ಬಿಸಿದವರ ಕತೆ ಅಲ್ವಾ ಅದು? ಹಾಗಾದರೆ ನೀರು ಎಲ್ಲಿಂದ ಬರುತ್ತಿತ್ತು? ಇದೊಂದೇ ಪ್ರಶ್ನೆ ಇಟ್ಟುಕೊಂಡು ಸುಬ್ರಹ್ಮಣ್ಯದ ಬಸ್ಸಿಳಿದು ಪಂಜದ ಕಡೆ ನಡೆದೆ. ರಬ್ಬರ್ ತೋಟ ದಾಟಿ ಒಂದು ಅಡಿಕೆ ತೋಟ. ಅಲ್ಲಿನ ಅಜ್ಜ ತೋಡಿಗೆ ಹಾಕಿದ ಕಟ್ಟ, ಅಂದರೆ ಹಳ್ಳದ ನೀರು ತಡೆಯುವ ಒಡ್ಡು ತೋರಿಸಿದರು. ಕಲ್ಲು, ಮಣ್ಣು, ಸೊಪ್ಪು, ಅಷ್ಟೇ. ಕಣಿಯಲ್ಲಿ ಅಡ್ಡ ಬಿದ್ದಿದ್ದ ಸೋಗೆಯನ್ನು ಕಾಲಲ್ಲೇ ಸರಿಸಿದರು, ನಿಂತಿದ್ದ ನೀರು ಸರ್ರನೆ ಕೆಳಗಿನ ಸಾಲಿಗೆ ಇಳಿಯಿತು. 'ಆನೆ ಈಗ್ಲೂ ಬರ್ತದೆ' ಎಂದರು. ಅಲ್ಲೇ ಕುಳಿತು ಉಳಿದ ಅಧ್ಯಾಯ ಓದಿದೆ. ಅರ್ಧ ಪುಸ್ತಕ ಮನೆಯಲ್ಲಿ, ಅರ್ಧ ಆ ಊರಲ್ಲಿ, ಇದೇ ನನ್ನ ಕ್ರಮ. ಅಜ್ಜನ ಹತ್ತಿರ ಮೊದಲು ಏನು ಮಾತಾಡಿದೆ ಎಂದು ಮಾತ್ರ ಹೇಳುವುದಿಲ್ಲ. ಮಜ್ಜಿಗೆ, ಊಟ ಎಲ್ಲ ಸಿಕ್ಕಿದ್ದು ಅದರಿಂದಲೇ.

ನಡುವೆ ಇನ್ನೊಂದು ಪ್ರಯೋಗ ಮಾಡಿದೆ. ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ 'ಮರಳಿ ಮಣ್ಣಿಗೆ' ಹಿಡಿದು ಕೋಟದ ಹತ್ತಿರದ ಕೋಡಿಗೆ ಹೋದೆ. ಉಡುಪಿಯಿಂದ ಕುಂದಾಪುರ ಬಸ್ಸು, ಖರ್ಚು ನೂರರ ಆಸುಪಾಸು. ಪುಸ್ತಕ ಒದ್ದೆಯಾಗಿ ಉಬ್ಬಿತು, ಓದಲು ಆಗಲೇ ಇಲ್ಲ. ಆದರೆ ಕಾದಂಬರಿಯ ಸರಸೋತಿ, ಪಾರೋತಿ ಆ ಗಾಳಿಯಲ್ಲಿ ಸಂಸಾರ ಹೇಗೆ ತೂಗಿಸಿದರು ಎಂಬುದು ಮೈಗೇ ತಿಳಿಯಿತು. ಈಗ ಬೇಕಾದಷ್ಟು ಪುಟ ಜೆರಾಕ್ಸ್ ಮಾಡಿ ಪ್ಲಾಸ್ಟಿಕ್ ಕವರಿನಲ್ಲಿ ಒಯ್ಯುತ್ತೇನೆ.

ಪಂಜದ ತಿರುಗಾಟಕ್ಕೆ ಮಂಗಳೂರಿನಿಂದ ಹೋಗಿ ಬರಲು ಬಸ್ಸು, ತಿಂಡಿ ಎಲ್ಲ ಸೇರಿ 600 ದಾಟಿರಲಿಕ್ಕಿಲ್ಲ. ಹೋಗುವುದಾದರೆ ನವೆಂಬರ್ ಕಳೆದ ಮೇಲೆ ಹೋಗಿ. ಕಟ್ಟ ಹಾಕುವ ಹೊತ್ತು ಅದು, ಉಂಬುಳದ (ಜಿಗಣೆಯ) ಕಾಟವೂ ಕಡಿಮೆ.