ಕನೆಕ್ಟಿಂಗ್ ರಾಡ್: ಒಟ್ಟು ತೂಕ ಹೊಂದಿದರೆ ಸಾಲದು

ಎಂಜಿನ್ ಬಿಚ್ಚಿದಾಗ ಪಿಸ್ಟನ್, ರಿಂಗ್, ಬೇರಿಂಗ್‌ಗಳಿಗಾಗಿ ಬೆಂಗಳೂರಿನ ಜೆ.ಸಿ. ರಸ್ತೆಯನ್ನೆಲ್ಲ ಸುತ್ತುವವರು, ಪಿಸ್ಟನ್ನನ್ನು ಕ್ರ್ಯಾಂಕ್‌ಗೆ (ಎಂಜಿನ್‌ನ ತಿರುಗುವ ದಂಡಕ್ಕೆ) ಜೋಡಿಸುವ ಹಳೆಯ ಕನೆಕ್ಟಿಂಗ್ ರಾಡ್‌ಗಳನ್ನು ಮಾತ್ರ ತೊಳೆದು ಹಾಗೆಯೇ ಕೂರಿಸಿಬಿಡುವುದುಂಟು. ಇನ್ನು ಕೆಲವರು ನಾಲ್ಕು ಸಿಲಿಂಡರ್ ಎಂಜಿನ್‌ನ ನಾಲ್ಕು ರಾಡ್‌ಗಳನ್ನೂ ತೂಗಿ ಒಟ್ಟು ತೂಕವನ್ನಷ್ಟೇ ಸಮ ಮಾಡುತ್ತಾರೆ. ಅದು ಅರ್ಧ ಕೆಲಸ. ರಾಡ್‌ನ ದೊಡ್ಡ ತುದಿ ಕ್ರ್ಯಾಂಕ್‌ನೊಂದಿಗೆ ಸುತ್ತುತ್ತದೆ, ಚಿಕ್ಕ ತುದಿ ಪಿಸ್ಟನ್‌ನೊಂದಿಗೆ ಮೇಲೆ ಕೆಳಗೆ ಆಡುತ್ತದೆ. ಆದ್ದರಿಂದ ಎರಡನ್ನೂ ಬೇರೆಬೇರೆಯಾಗಿ ಹೊಂದಿಸಬೇಕು. ಕ್ರ್ಯಾಂಕ್‌ನ ತ್ರಿಜ್ಯ 40 ಮಿ.ಮೀ. ಇದ್ದು ಎಂಜಿನ್ ನಿಮಿಷಕ್ಕೆ 6,000 ಸುತ್ತು ತಿರುಗುವಾಗ, ದೊಡ್ಡ ತುದಿಯಲ್ಲಿ ಹೆಚ್ಚಿರುವ ಬರೀ 5 ಗ್ರಾಂ ಸುಮಾರು 8 ಕಿಲೋ ತೂಕದಷ್ಟು ಬಲದಿಂದ ಹೊರಕ್ಕೆ ಎಳೆಯುತ್ತದೆ.

ಲೇತ್ ಅಂಗಡಿಯ ಕೆಲಸವೆಲ್ಲ ಮುಗಿದ ಮೇಲೆಯೇ ತೂಕಕ್ಕೆ ಕೈಹಾಕಿ. ಚಿಕ್ಕ ತುದಿಯ ರಂಧ್ರದೊಳಗಿನ ಬುಷ್ (ಲೋಹದ ಬಳೆ) ಬದಲಿಸಿದರೆ, ದೊಡ್ಡ ತುದಿಯ ರಂಧ್ರವನ್ನು ಸರಿಪಡಿಸಿದರೆ, ಹೊಸ ಬೋಲ್ಟ್ ಹಾಕಿದರೆ ಹಿಂದಿನ ಲೆಕ್ಕ ಕೆಡುತ್ತದೆ. ಪ್ರತಿ ರಾಡ್‌ಗೂ ಅದರ ಕ್ಯಾಪ್‌ಗೂ (ದೊಡ್ಡ ತುದಿಗೆ ಬೋಲ್ಟ್‌ನಿಂದ ಬಿಗಿಯುವ ಕೆಳಗಿನ ಅರ್ಧಕ್ಕೂ) ಒಂದೇ ಸಂಖ್ಯೆ ಗುರುತು ಮಾಡಿ, ಏಕೆಂದರೆ ಜೋಡಿಯಾಗಿ ಕೊರೆದ ಕ್ಯಾಪ್ ಇನ್ನೊಂದು ರಾಡ್‌ಗೆ ಸರಿಯಾಗಿ ಕೂರುವುದಿಲ್ಲ.

0.1 ಗ್ರಾಂವರೆಗೆ ತೋರಿಸುವ ಎಲೆಕ್ಟ್ರಾನಿಕ್ ತಕ್ಕಡಿ ಬೇಕು. ಚಿಕ್ಕ ತುದಿಯನ್ನು ಸಲೀಸಾಗಿ ತಿರುಗುವ ಬೇರಿಂಗ್ ಇರುವ ಆಸರೆಯ ಮೇಲೆ ಹೊರಿಸಿ, ದೊಡ್ಡ ತುದಿಯನ್ನು ತಕ್ಕಡಿಯ ಮೇಲಿಡಿ. ರಾಡ್ ನೆಲಕ್ಕೆ ಸಮಾನಾಂತರವಾಗಿರಲಿ, ಆಸರೆ ಹಾಗೂ ತಕ್ಕಡಿಯ ನಡುವಿನ ಅಂತರ ನಾಲ್ಕು ರಾಡ್‌ಗಳಿಗೂ ಕೂದಲೆಳೆಯಷ್ಟೂ ಬದಲಾಗದಿರಲಿ. ಒಂದೇ ರಾಡನ್ನು ಮೂರು ಸಲ ಎತ್ತಿಟ್ಟಾಗ ಒಂದೇ ಅಂಕಿ ಬಾರದಿದ್ದರೆ ದೋಷ ಆಸರೆಯದ್ದು, ರಾಡ್‌ನದ್ದಲ್ಲ. ಅನುಭವಿಗಳೂ ಎಡವುವುದು ಇಲ್ಲಿಯೇ. ಬಳಿಕ ರಾಡನ್ನು ತಿರುಗಿಸಿಟ್ಟು ಚಿಕ್ಕ ತುದಿಯನ್ನು ತೂಗಿ. ಎರಡೂ ಅಂಕಿಗಳ ಮೊತ್ತ ಇಡೀ ರಾಡ್‌ನ ತೂಕಕ್ಕೆ ಸಮನಾಗಬೇಕು.

ಈಗ ಅತ್ಯಂತ ಹಗುರವಾದ ದೊಡ್ಡ ತುದಿಯನ್ನು ಅಳತೆಗೋಲಾಗಿಟ್ಟುಕೊಂಡು ಉಳಿದ ಮೂರನ್ನು ಅದಕ್ಕೆ ಇಳಿಸಿ, ಆಮೇಲೆ ಚಿಕ್ಕ ತುದಿಗಳನ್ನೂ ಹಾಗೆಯೇ ಹೊಂದಿಸಿ. ಹಗುರವಾದ ದೊಡ್ಡ ತುದಿ ಒಂದು ರಾಡ್‌ನಲ್ಲಿ, ಹಗುರವಾದ ಚಿಕ್ಕ ತುದಿ ಮತ್ತೊಂದರಲ್ಲಿ ಇರಬಹುದು. ಕ್ಯಾಪ್‌ನ ತಳದಲ್ಲೂ ಚಿಕ್ಕ ತುದಿಯ ತಲೆಯಲ್ಲೂ ಉಬ್ಬಿರುವ ದಪ್ಪ ಭಾಗದಿಂದ ಮಾತ್ರ ಲೋಹವನ್ನು ಉಜ್ಜಿ ತೆಗೆಯಬೇಕೇ ಹೊರತು ನಡುವಿನ ದಂಡವನ್ನಾಗಲಿ ಬೋಲ್ಟ್ ಕೂರುವ ಜಾಗವನ್ನಾಗಲಿ ಮುಟ್ಟಬಾರದು. ಗೀರುಗಳು ರಾಡ್‌ನ ಉದ್ದಕ್ಕೇ ಸಾಗಲಿ, ಏಕೆಂದರೆ ಅಡ್ಡ ಗೀರಿನಿಂದಲೇ ಬಿರುಕು ಹುಟ್ಟುತ್ತದೆ. ಕೊನೆಗೆ ನುಣ್ಣನೆಯ ಎಮರಿ ಕಾಗದದಿಂದ ಅವುಗಳನ್ನು ಅಳಿಸಿ. ಕ್ಯಾಪ್‌ನ ತಳದಿಂದ ಲೋಹ ತೆಗೆದಾಗ ಚಿಕ್ಕ ತುದಿಯ ಅಂಕಿ ತುಸು ಏರುತ್ತದೆ, ಸನ್ನೆಗೋಲಿನಂತೆ. ಹಾಗಾಗಿ ಒಂದು ತುದಿ ಮುಟ್ಟಿದಾಗಲೆಲ್ಲ ಇನ್ನೊಂದನ್ನು ಮತ್ತೆ ತೂಗಿ, ಪ್ರತಿ ತುದಿಯಲ್ಲೂ ವ್ಯತ್ಯಾಸ 1 ಗ್ರಾಂ ಒಳಗೆ ಬರುವವರೆಗೆ ಮುಂದುವರಿಸಿ.

ಸಾಲಿನ ನಾಲ್ಕು ಸಿಲಿಂಡರ್ ಎಂಜಿನ್‌ನಲ್ಲಿ ಕ್ರ್ಯಾಂಕ್‌ನ ಎರಡರಷ್ಟು ವೇಗದಲ್ಲಿ ಏಳುವ ಕಂಪನ ಇದರಿಂದ ಹೋಗದು; ಅದು ಆ ವಿನ್ಯಾಸದ ಗುಣ. ಪಿಸ್ಟನ್‌ಗಳನ್ನೂ ಅವನ್ನು ರಾಡ್‌ಗೆ ಜೋಡಿಸುವ ಪಿನ್‌ಗಳನ್ನೂ ಇದೇ ತಕ್ಕಡಿಯಲ್ಲಿ ಸಮ ಮಾಡಿಕೊಂಡು, ಉಜ್ಜಿದ ಪುಡಿ ಎಣ್ಣೆ ರಂಧ್ರಗಳಲ್ಲಿ ಉಳಿಯದಂತೆ ರಾಡ್‌ಗಳನ್ನು ತೊಳೆದು, ಗಾಳಿ ಊದಿದ ಮೇಲೆಯೇ ಬೇರಿಂಗ್ ಕೂರಿಸಿ.