ಟೈರ್ ಎಷ್ಟು ಭಾರ ಹೊರುತ್ತದೆ? ಲೆಕ್ಕ ಹಾಕುವುದು ಹೀಗೆ

ಆಫ್‌ರೋಡ್ ಗಾಡಿಗೆ ಟೈರ್ ಕೊಳ್ಳುವಾಗ ಕಣ್ಣು ಮೊದಲು ಹೋಗುವುದು ದಪ್ಪ ಬಟನ್‌ಗಳ ಕಡೆಗೆ. ಆದರೆ ಎಷ್ಟು ಭಾರ ಹೊರುತ್ತದೆ ಅನ್ನುವುದು ಬರೆದಿರುವುದು ಸೈಡ್‌ವಾಲ್ ಮೇಲೆ, ಅಂದರೆ ಟೈರಿನ ಪಕ್ಕದ ಮೈ ಮೇಲೆ.

ಮೊದಲು ಅದನ್ನು ಓದಿ. ‘ಎಲ್‌ಟಿ 265/70 ಆರ್ 17 121/118 ಎಸ್’ ಎಂದಿದೆ ಅಂದುಕೊಳ್ಳಿ. ಎಲ್‌ಟಿ ಅಂದರೆ ಲೈಟ್ ಟ್ರಕ್, ಭಾರ ಹೊರುವ ಗಾಡಿಗಳ ಗಟ್ಟಿ ಟೈರ್. ಅಳತೆಗಳಾದ ಮೇಲೆ ಬರುವ 121 ಲೋಡ್ ಇಂಡೆಕ್ಸ್, ಭಾರ ಹೊರುವ ಶಕ್ತಿಯ ಗುರುತು. ಅದು ಕಿಲೋ ಅಲ್ಲ, ಪಟ್ಟಿಯಲ್ಲಿ ಹುಡುಕಬೇಕಾದ ಸಂಖ್ಯೆ. 121 ಅಂದರೆ ಒಂದು ಟೈರಿಗೆ 1,450 ಕೆ.ಜಿ. 115ಕ್ಕೆ 1,215, 104ಕ್ಕೆ 900. 118 ಇರುವುದು ಹಿಂದೆ ಒಂದೊಂದು ಬದಿಗೂ ಎರಡೆರಡು ಚಕ್ರ ಇರುವ ಗಾಡಿಗಳಿಗೆ, ಬಿಟ್ಟುಬಿಡಿ. ಎಸ್ ಅಂದರೆ ಗಂಟೆಗೆ 180 ಕಿ.ಮೀ. ವೇಗದ ಮಿತಿ.

ಆಮೇಲೆ ಗಾಡಿಯ ಲೆಕ್ಕ. ಒಟ್ಟು ತೂಕವನ್ನು ನಾಲ್ಕರಿಂದ ಭಾಗಿಸಿ ಸುಮ್ನಾಗುವವರೇ ಜಾಸ್ತಿ. ಆದರೆ ಸಾಮಾನೆಲ್ಲ ಕೂರುವುದು ಹಿಂದೆ ಅಲ್ವಾ? ಡ್ರೈವರ್ ಬಾಗಿಲ ಪಕ್ಕದ ಸ್ಟಿಕ್ಕರ್‌ನಲ್ಲೋ ಮ್ಯಾನುಯಲ್‌ನಲ್ಲೋ ಆ್ಯಕ್ಸಲ್ ಮಿತಿ, ಅಂದರೆ ಮುಂದಿನ ಅಥವಾ ಹಿಂದಿನ ಎರಡು ಚಕ್ರ ಸೇರಿ ಹೊರಬಹುದಾದ ಭಾರ, ಹುಡುಕಿ. ಹಿಂದಿನದು 1,800 ಕೆ.ಜಿ. ಇದ್ದರೆ ಒಂದು ಟೈರಿಗೆ 900. ಕಾಗದದ ಮೇಲೆ 104 ಸಾಕು. ಒಂದು ಚಕ್ರ ಬಂಡೆ ಹತ್ತಿದಾಗ ಭಾರ ಸಮನಾಗಿ ಹಂಚಿಕೊಳ್ಳುವುದಿಲ್ಲ, ಹಾಗಾಗಿ ಇನ್ನೂ ಮೇಲಿನದನ್ನೇ ಆರಿಸಿ. ಕಂಪನಿ ಹಾಕಿಕೊಟ್ಟಿದ್ದಕ್ಕಿಂತ ಕಡಿಮೆ ಇಂಡೆಕ್ಸ್ ಅಂತೂ ಬೇಡವೇ ಬೇಡ. ಸಾಮಾನು ತುಂಬಿ, ಹಿಂದಿನ ಚಕ್ರಗಳನ್ನಷ್ಟೇ ವೇಬ್ರಿಡ್ಜ್ ಮೇಲೆ ನಿಲ್ಲಿಸಿ ತೂಗಿಸಿದರೆ ನಿಜ ಗೊತ್ತಾಗುತ್ತದೆ. ಮೂರು ಕ್ಯಾನ್ ನೀರಿಗೇ 60 ಕೆ.ಜಿ. ಆಗಿರುತ್ತದೆ!

ಇನ್ನು ಗಾಳಿ. ಎಲ್ಲರೂ ಎಡವುವುದು ಇಲ್ಲೇ. ಆ 1,450 ಕೆ.ಜಿ. ಸಿಗುವುದು 80 ಪಿಎಸ್‌ಐ ಗಾಳಿ ಇದ್ದಾಗ. 35ರಲ್ಲಿ ಓಡಿಸುತ್ತಾ ಅಷ್ಟೇ ಭಾರ ಹೇರಿದರೆ ಟೈರ್ ತಡೆಯುವುದಿಲ್ಲ. ಮಾಮೂಲಿ ಟೈರ್ ತೆಗೆದು ಎಲ್‌ಟಿ ಹಾಕಿಸಿದವರು ಹಳೇ ಗಾಳಿಯ ಅಂಕಿಯನ್ನೇ ಮುಂದುವರಿಸುವಂತಿಲ್ಲ. ಅದೇ ಭಾರಕ್ಕೆ ಎಲ್‌ಟಿ ಟೈರ್ ಜಾಸ್ತಿ ಗಾಳಿ ಕೇಳುತ್ತದೆ. ಎಷ್ಟು ಅನ್ನುವುದು ಟೈರ್ ಕಂಪನಿಯ ಪಟ್ಟಿಯಲ್ಲಿರುತ್ತದೆ.

ಮರಳಿನಲ್ಲಿ ಗಾಳಿ ಇಳಿಸಲೇಬೇಕು, ನಿಜ. ಆದರೆ ಇಳಿಸಿದಷ್ಟೂ ಸೈಡ್‌ವಾಲ್ ಬಳುಕಿ ಬಳುಕಿ ಬಿಸಿಯಾಗುತ್ತದೆ. ನಿಧಾನ ಹೋಗಿ. ಡಾಂಬರು ಸಿಕ್ಕ ಕೂಡಲೇ, ವೇಗ ಹೆಚ್ಚಿಸುವ ಮೊದಲೇ, ಮತ್ತೆ ತುಂಬಿ.

‘ಲೋಡ್ ರೇಂಜ್ ಇ’, ‘10 ಪ್ಲೈ’ ಎಂದು ಕಂಡರೆ ಒಳಗೆ ಹತ್ತು ಪದರ ಇದೆ ಎಂದಲ್ಲ. ಹಳೇ ಕಾಲದ ಹತ್ತಿ ನೂಲಿನ ಪದರಗಳ ಲೆಕ್ಕದಲ್ಲಿ ಅಷ್ಟು ಬಲ ಎಂದರ್ಥ. ಹಗುರ ಗಾಡಿಗೆ ಇದು ಸುಮ್ನೆ ಖರ್ಚು, ಮೇಲೆ ಕುಲುಕಾಟ ಬೇರೆ.

ಸ್ಟೆಪ್ನಿಯನ್ನೂ ಓದಿ. ನಾಲ್ಕು ಹೊಸ ಟೈರ್ ಹಾಕಿಸಿ ಐದನೆಯದನ್ನು ಹಳೆಯದೇ ಬಿಟ್ಟಿದ್ದರೆ, ತುಂಬಿದ ಗಾಡಿಯ ಹಿಂದಿನ ಚಕ್ರ ಪಂಕ್ಚರ್ ಆದ ದಿನ ಆ ಭಾರ ಹೊರಬೇಕಾದ್ದು ಅದೇ.